ಗುಡಿಗೆ ನೂರು ಮೀಟರು, ಗೂಡಿಗೆ ಎಷ್ಟು?

ಪಟ್ಟದಕಲ್ಲಿನ ಗುಡಿಗಳ ಸಮೀಪ ಹೊಲವುಳ್ಳ ರೈತನೊಬ್ಬ ತನ್ನ ಜಮೀನಿನಲ್ಲಿ ಎರಡು ಕೋಣೆಯ ಮನೆ ಕಟ್ಟಬೇಕೆಂದರೆ ಮೊದಲು ಅಳತೆಯ ಪಟ್ಟಿ ಹಿಡಿಯಬೇಕಾಗುತ್ತದೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ಅನುಮತಿ ಬೇಕು. ಕೇಂದ್ರ ಸರಕಾರ ಈ ಗೆರೆಯನ್ನು 1992ರಲ್ಲಿ ಅಧಿಸೂಚನೆಯ ಮೂಲಕ ಎಳೆಯಿತು. 2010ರ ತಿದ್ದುಪಡಿಯಿಂದ ಅದು ಕಾಯಿದೆಯೊಳಗೇ ಸೇರಿತು. ಜಮೀನು ರೈತನದೇ, ಪಹಣಿಯಲ್ಲಿ ಹೆಸರೂ ಅವನದೇ. ಆದರೆ ಅದನ್ನು ಹೇಗೆ ಬಳಸಬೇಕೆಂಬುದನ್ನು ಅವನೊಬ್ಬನೇ ತೀರ್ಮಾನಿಸುವಂತಿಲ್ಲ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಗುಡಿಗಳ ಸಮೂಹಕ್ಕೆ, ಸುತ್ತಲಿನ ಖಾಸಗಿ ಜಮೀನು ಹೀಗೆ ಸ್ವಲ್ಪ ಹಕ್ಕನ್ನು ಬಿಟ್ಟುಕೊಟ್ಟಿದೆ.

ಅದೇ ರೈತನ ಬದುವಿನ ಹುಣಸೆ ಮರದಲ್ಲಿ ಹಕ್ಕಿಗಳು ಗೂಡು ಕಟ್ಟಿದರೆ? ಅವನ ಬೀಳು ಹೊಲದ ಹುಲ್ಲಿನಲ್ಲಿ ಪುರಲೆ ಹಕ್ಕಿ ಮೊಟ್ಟೆಯಿಟ್ಟರೆ? ಹಕ್ಕಿಯನ್ನು ಕೊಲ್ಲುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನೋಡಿಕೊಳ್ಳುತ್ತದೆ. ಆದರೆ ಹಕ್ಕಿಗೆ ಆಸರೆಯಾದ ನೆಲ ನಿವೇಶನವಾದರೆ, ಕಲ್ಲಿನ ಗಣಿಯಾದರೆ, ಹುಲ್ಲು ಹೋಗಿ ಕಬ್ಬು ಬಂದರೆ ಅದನ್ನು ಕೇಳುವ ಗೆರೆ ಸಾಮಾನ್ಯವಾಗಿ ಎಲ್ಲಿಯೂ ಇಲ್ಲ. ಕಲ್ಲಿನ ಗುಡಿಗೆ ನೂರು ಮೀಟರು ಸಿಕ್ಕಿದೆ. ಕಡ್ಡಿಯ ಗೂಡಿಗೆ ಎಷ್ಟು ಸಿಗಬೇಕು, ಅದನ್ನು ಯಾರು ಅಳೆಯಬೇಕು, ಅದರ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ.

ಪಹಣಿಗೆ ಕಾಣದ ಕಾಡು

ವನ್ಯಜೀವಿ ಎಂದೊಡನೆ ಬಂಡೀಪುರ, ನಾಗರಹೊಳೆಗಳ ದಟ್ಟ ಕಾಡು ಕಣ್ಣ ಮುಂದೆ ಬರುತ್ತದೆ. ಅಲ್ಲಿನ ನೆಲ ಸರಕಾರದ್ದು, ಕಾವಲು ಅರಣ್ಯ ಇಲಾಖೆಯದು. ಆದರೆ ಬಯಲುಸೀಮೆಯಲ್ಲಿ ಕಾಡುಪ್ರಾಣಿಗಳ ಬದುಕಿನ ದೊಡ್ಡ ಭಾಗ ನಡೆಯುವುದು ರೈತರ ಜಮೀನಿನಲ್ಲಿ. ತೋಳ ಕುರಿಹಿಂಡಿನ ಹಿಂದೆ ಹೊಲದಿಂದ ಹೊಲಕ್ಕೆ ಅಲೆಯುತ್ತದೆ. ಕೃಷ್ಣಮೃಗ ಮೇಯುವುದು ಬೆಳೆಯ ನಡುವೆ. ನವಿಲು, ಗೌಜಲ ಹಕ್ಕಿ, ಮೊಲ, ಉಡಗಳಿಗೆ ಬದುವಿನ ಪೊದೆಯೇ ಮನೆ.

ಬಾಗಲಕೋಟೆ ಜಿಲ್ಲೆಯಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನ ಸುಮಾರು 96 ಚದರ ಕಿಲೋಮೀಟರನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಚಿಂಕಾರ ಒಣಭೂಮಿಯ ಪುಟ್ಟ ಜಿಂಕೆ. ಬಹುಕಾಲ ನೀರಿಲ್ಲದೆಯೂ ಬಾಳಬಲ್ಲದು. ಧಾಮದ ಎಲ್ಲೆಯನ್ನು ಅದು ಓದಲಾರದು. ಎಲ್ಲೆಯಾಚೆಯ ಹೊಲ ಬೀಳುಗಳೂ ಅದರ ಪಾಲಿಗೆ ಮೇವಿನ ನೆಲವೇ.

ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯದು ಇನ್ನೂ ಸ್ಪಷ್ಟವಾದ ಕತೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಸುಮಾರು 54 ಹೆಕ್ಟೇರ್ ಪ್ರದೇಶ. ಆದರೆ ಹೆಬ್ಬಾತು ಕೆರೆಯಲ್ಲಿ ವಿಶ್ರಮಿಸುತ್ತದೆಯೇ ಹೊರತು ಅಲ್ಲಿಯೇ ಹೊಟ್ಟೆ ತುಂಬಿಕೊಳ್ಳುವುದಿಲ್ಲ. ಅದರ ಊಟ ಸುತ್ತಲಿನ ರೈತರ ಹೊಲದಲ್ಲಿ. ಕೆರೆಗೆ ರಕ್ಷಣೆ ದೊರೆತು ಹೊಲಗಳೆಲ್ಲ ನಿವೇಶನವಾದರೆ ಹೆಬ್ಬಾತಿಗೆ ಮಲಗಲು ಹಾಸಿಗೆಯಿದ್ದು ಉಣ್ಣಲು ಅನ್ನವಿಲ್ಲದಂತಾಗುತ್ತದೆ.

ಇಂಥ ನೆಲವನ್ನು ನಮ್ಮ ದಾಖಲೆಗಳು ಹೇಗೆ ಕಾಣುತ್ತವೆ? ಪಹಣಿಯಲ್ಲಿ ಮಣ್ಣಿನ ಬಗೆಗೆ, ಬೆಳೆಗೆ, ನೀರಾವರಿಯ ಮೂಲಕ್ಕೆ, ಸಾಲಕ್ಕೆ ಅಂಕಣಗಳಿವೆ. ಅದರಲ್ಲಿ ವಾಸಿಸುವ ಜೀವಿಗೆ ಅಂಕಣವಿಲ್ಲ. ಉಳಲು ಬಾರದ ಕಲ್ಲುಮುಳ್ಳಿನ ನೆಲವನ್ನು ಕಂದಾಯ ಭಾಷೆ 'ಖರಾಬು' ಎಂದು ಕರೆಯುತ್ತದೆ. ಖರಾಬು ಎಂದರೆ ಕೆಟ್ಟದ್ದು. ನರಿಗೆ, ಮೊಲಕ್ಕೆ, ಗೌಜಲಕ್ಕೆ ಊರಿನಲ್ಲಿ ಉಳಿದಿರುವ ಒಳ್ಳೆಯ ನೆಲ ಹೆಚ್ಚಾಗಿ ಅದೇ.

ಜಮೀನಿನ ಬಳಕೆಯನ್ನು ನಿಯಂತ್ರಿಸುವ ಕಾನೂನುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸುವ ವಿಧಾನವನ್ನು 1964ರಲ್ಲಿ ಜಾರಿಗೆ ಬಂದ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮು ಹೇಳುತ್ತದೆ. ಪಟ್ಟಣಗಳ ಸುತ್ತ ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ವಲಯಗಳನ್ನು ಗುರುತಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿದೆ. 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಆದರೆ ಯೋಜನೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಕೃಷಿ ವಲಯಕ್ಕೆ ಹುಲ್ಲಿನ ಬೀಳೂ ಒಂದೇ, ನೀರು ನಿಂತ ಕಬ್ಬಿನ ಗದ್ದೆಯೂ ಒಂದೇ. ಚಿಂಕಾರಕ್ಕೆ ಅವೆರಡೂ ಬೇರೆ ಬೇರೆ ಲೋಕಗಳು.

ತವರಿಗೆ ಬಂದ ಹಕ್ಕಿಗಳು

ನಕ್ಷೆ ಮಾಡಲಾಗದ ಕೆಲಸವನ್ನು ಮಂಡ್ಯ ಜಿಲ್ಲೆಯ ಒಂದು ಊರು ಬಹಳ ಹಿಂದೆಯೇ ಮಾಡಿಕೊಂಡು ಬಂದಿತ್ತು. ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಸಮೀಪವಿರುವ ಬೆಳ್ಳೂರು ಹಕ್ಕಿಗಳಿಂದಾಗಿ ಕೊಕ್ಕರೆ ಬೆಳ್ಳೂರಾಯಿತು. ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿಗೆ ಬಂದು, ಮನೆಯ ಹಿತ್ತಿಲಿನ, ಬೀದಿಯ ಬದಿಯ, ಹೊಲದ ಬದುವಿನ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ ಗೂಡು ಕಟ್ಟಿ, ಬೇಸಗೆಯ ಕೊನೆಯ ಹೊತ್ತಿಗೆ ಮರಿಗಳೊಂದಿಗೆ ಹಾರಿಹೋಗುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಹಿಂದೆ ಪ್ಲೇಗಿನ ಕಾಲದಲ್ಲಿ ಊರು ನದಿಯ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ.

ಈ ಪ್ರೀತಿಯ ಜೊತೆಗೆ ಲೆಕ್ಕವೂ ಇತ್ತು. ಹಕ್ಕಿಯ ಹಿಕ್ಕೆ ಉತ್ತಮ ಗೊಬ್ಬರ. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡನ್ನು ತುಂಬಿಸಿ, ಹಿಕ್ಕೆ ಬೆರೆತ ಆ ಮಣ್ಣನ್ನು ಹೊಲಕ್ಕೆ ಹಾಕುವುದು ಊರಿನ ರೂಢಿಯಾಗಿತ್ತು. ಆದರೆ ಲೆಕ್ಕದ ಇನ್ನೊಂದು ಬದಿಯಲ್ಲಿ ನಷ್ಟವಿತ್ತು. ಹುಣಸೆ ಹಣ್ಣಾಗುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಕಾಯಿ ಉದುರಿಸಲು ಕೊಂಬೆ ಅಲುಗಿಸಿದರೆ ಗೂಡು ಬೀಳುತ್ತದೆ. ಗೂಡು ಉಳಿಯಬೇಕಾದರೆ ಹುಣಸೆ ಹಣ್ಣಿನ ಆದಾಯ ಬಿಡಬೇಕು. ಮನೆಯಂಗಳದಲ್ಲಿ ಮೀನಿನ ವಾಸನೆ, ಹಿಕ್ಕೆಯ ಗಲೀಜು ಬೇರೆ. ರಾಸಾಯನಿಕ ಗೊಬ್ಬರ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಹಿಕ್ಕೆಯ ಬೆಲೆ ಇಳಿಯಿತು. ಮರ ಕಡಿದು ಮಾರಿದರೆ ಕೈಗೆ ಬರುವ ಹಣದ ಬೆಲೆ ಏರಿತು. ಪ್ರೀತಿ ಉಳಿದರೂ ಮರ ಉಳಿಯದಿರುವ ಪರಿಸ್ಥಿತಿ ಬರುವುದು ಹೀಗೆ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೆಗಿನಹಾಳ ಅವರು ಈ ಊರಿನ ಹೆಜ್ಜಾರ್ಲೆಗಳನ್ನು ಹೊರಗಿನ ಲೋಕದ ಗಮನಕ್ಕೆ ತಂದರು. ಊರನ್ನು ಎಬ್ಬಿಸಿ ಪಕ್ಷಿಧಾಮ ಮಾಡುವ ದಾರಿಯನ್ನು ಇಲಾಖೆ ಹಿಡಿಯಲಿಲ್ಲ. ಹಾಗೆ ಮಾಡಿದ್ದರೆ ಹಕ್ಕಿಗಳು ನಂಬಿ ಬಂದಿದ್ದ ಊರೇ ಇಲ್ಲವಾಗುತ್ತಿತ್ತು. ಅದರ ಬದಲು ಗೂಡಿರುವ ಮರಗಳನ್ನು ಲೆಕ್ಕ ಹಾಕಿ, ಫಸಲು ಬಿಟ್ಟುಕೊಡುವ ಮಾಲೀಕರಿಗೆ ಮರವೊಂದಕ್ಕೆ ಇಂತಿಷ್ಟೆಂದು ಪರಿಹಾರ ಕೊಡುವ ಪದ್ಧತಿ ಬಂದಿತು. ಮೊತ್ತ ದೊಡ್ಡದಾಗಿರಲಿಲ್ಲ; ಸಾಲದು, ತಡವಾಗುತ್ತದೆ ಎಂಬ ದೂರುಗಳೂ ಇದ್ದವು. ಆದರೆ ಅದರ ಹಿಂದಿನ ತತ್ವ ದೊಡ್ಡದು. ಖಾಸಗಿ ಮರವೊಂದು ಸಾರ್ವಜನಿಕ ಕೆಲಸ ಮಾಡುತ್ತಿದೆ, ಆ ಕೆಲಸಕ್ಕೆ ಕೂಲಿ ಸಲ್ಲಬೇಕು ಎಂಬುದನ್ನು ಸರಕಾರ ಒಪ್ಪಿಕೊಂಡಿತು.

1990ರ ದಶಕದ ಮಧ್ಯಭಾಗದಿಂದ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳು ಕೆ. ಮನು ಅವರ ಮುಂದಾಳುತನದಲ್ಲಿ ಇಲ್ಲಿ ಕೆಲಸ ಆರಂಭಿಸಿದರು. ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಹುಟ್ಟಿಕೊಂಡಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ತಂದು, ಆವರಣದಲ್ಲಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸವನ್ನು ಬಳಗ ವಹಿಸಿಕೊಂಡಿತು.

ಊರೇ ಬರೆಯುವ ಗೆರೆ

ಇಷ್ಟೆಲ್ಲ ಆದರೂ ಕಾನೂನಿನ ಕಣ್ಣಿಗೆ ಕೊಕ್ಕರೆ ಬೆಳ್ಳೂರು ಏನೂ ಆಗಿರಲಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂಬ ಎರಡು ಮುಖ್ಯ ಚೌಕಟ್ಟುಗಳಿದ್ದವು. ಎರಡರಲ್ಲಿಯೂ ಖಾಸಗಿ ಹಕ್ಕುಗಳನ್ನು ವಿಚಾರಣೆ ಮಾಡಿ ಇತ್ಯರ್ಥಗೊಳಿಸುವುದು ಕ್ರಮ. ಜನವಸತಿಯ ನಡುವಿನ ಮರಗಳಿಗೆ ಅದು ಹೊಂದುವ ಅಂಗಿಯಲ್ಲ.

ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ ಎರಡು ಹೊಸ ಚೌಕಟ್ಟುಗಳನ್ನು ತಂದಿತು. ಮೊದಲನೆಯದು ಸಂರಕ್ಷಣಾ ಮೀಸಲು. ಅದು ಸರಕಾರಿ ನೆಲಕ್ಕೆ ಸಂಬಂಧಿಸಿದ್ದು. ಮಾಗಡಿ ಕೆರೆ ಈ ವರ್ಗಕ್ಕೆ ಸೇರುತ್ತದೆ. ಎರಡನೆಯದು ಸಮುದಾಯ ಮೀಸಲು. ಒಂದು ಸಮುದಾಯವಾಗಲಿ ಒಬ್ಬ ವ್ಯಕ್ತಿಯಾಗಲಿ ವನ್ಯಜೀವಿಯನ್ನೂ ಅದರ ನೆಲೆಯನ್ನೂ ಕಾಪಾಡಲು ತಾನಾಗಿ ಮುಂದೆ ಬಂದರೆ, ಅವರ ಖಾಸಗಿ ಅಥವಾ ಸಮುದಾಯದ ಜಮೀನನ್ನು ರಾಜ್ಯ ಸರಕಾರ ಹೀಗೆ ಘೋಷಿಸಬಹುದು. ಪ್ರಾಣಿ, ಸಸ್ಯಗಳ ಜೊತೆಗೆ ಸಂರಕ್ಷಣೆಯ ಸಾಂಪ್ರದಾಯಿಕ ಮೌಲ್ಯಗಳನ್ನೂ ಆಚರಣೆಗಳನ್ನೂ ಕಾಪಾಡುವುದು ಇದರ ಉದ್ದೇಶವೆಂದು ಕಾಯಿದೆಯೇ ಹೇಳುತ್ತದೆ. ಹೆಣ್ಣುಮಕ್ಕಳು ತವರಿಗೆ ಬಂದರೆಂಬ ಭಾವನೆಗೆ ಕಾನೂನಿನಲ್ಲಿ ಜಾಗ ದೊರೆತದ್ದು ಇಲ್ಲಿ.

ಈ ಕಲಮಿನ ತಿರುಳು ಒಂದು ಚಿಕ್ಕ ನಿಯಮದಲ್ಲಿದೆ. ಸಮುದಾಯ ಮೀಸಲಾದ ಮೇಲೆ, ಅಲ್ಲಿನ ನಿರ್ವಹಣಾ ಸಮಿತಿ ನಿರ್ಣಯ ಮಾಡಿ ರಾಜ್ಯ ಸರಕಾರ ಅದನ್ನು ಅನುಮೋದಿಸಿದ ಹೊರತು ಅದರೊಳಗಿನ ಭೂಬಳಕೆಯನ್ನು ಬದಲಿಸುವಂತಿಲ್ಲ. ಸಮಿತಿಯ ಸದಸ್ಯರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ಹೆಸರಿಸಿದವರು; ಅರಣ್ಯ ಇಲಾಖೆಯ ಪ್ರತಿನಿಧಿಯೂ ಇರುತ್ತಾರೆ. ಒಬ್ಬ ವ್ಯಕ್ತಿಯ ಖಾಸಗಿ ಜಮೀನಾಗಿದ್ದರೆ ಅದರ ಮಾಲೀಕನಿಗೇ ಸಮಿತಿಯಲ್ಲಿ ಸ್ಥಾನವಿರಬೇಕೆಂದು 2022ರ ತಿದ್ದುಪಡಿ ಸೇರಿಸಿತು. ಜಮೀನಿನ ಒಡೆತನ ಬದಲಾಗುವುದಿಲ್ಲ. ಉಳುಮೆ ನಡೆಯುತ್ತದೆ, ಮನೆಯೂ ಉಳಿಯುತ್ತದೆ. ನೆಲದ ಬಳಕೆ ಬದಲಾಗಬೇಕೆಂದರೆ ಮಾತ್ರ ಮೊದಲ ಮಾತು ಊರಿನ ಜಗಲಿಯಲ್ಲಿ ನಡೆಯಬೇಕು. ಪಟ್ಟದಕಲ್ಲಿನ ನೂರು ಮೀಟರನ್ನು ದೆಹಲಿ ಅಳೆಯಿತು; ಇಲ್ಲಿ ಅಳತೆಯ ಪಟ್ಟಿಯ ಒಂದು ತುದಿ ಊರಿನ ಕೈಯಲ್ಲಿದೆ.

2007ರಲ್ಲಿ ಕೊಕ್ಕರೆ ಬೆಳ್ಳೂರಿನ ಸುಮಾರು 312 ಹೆಕ್ಟೇರ್ ಪ್ರದೇಶ ಸಮುದಾಯ ಮೀಸಲಾಯಿತು. ದೇಶದಲ್ಲಿ ಈ ಕಲಮಿನಡಿ ಮೊದಮೊದಲು ಘೋಷಿತವಾದ ತಾಣಗಳಲ್ಲಿ ಅದೂ ಒಂದು. ಮುಂದೆ ಮೇಘಾಲಯ, ನಾಗಾಲ್ಯಾಂಡ್‌ಗಳಲ್ಲಿ ಬುಡಕಟ್ಟು ಸಮುದಾಯಗಳು ತಮ್ಮ ಕಾಡುಗಳನ್ನು ಹತ್ತಾರು ಸಂಖ್ಯೆಯಲ್ಲಿ ಹೀಗೆ ಘೋಷಿಸಿಕೊಂಡವು. ಅಲ್ಲಿ ಕಾಡಿನ ಬಹುಪಾಲು ಸಮುದಾಯಗಳ ಒಡೆತನದಲ್ಲಿದೆ. ಪ್ರತಿ ಗುಂಟೆಗೂ ಬೇರೆ ಹೆಸರಿರುವ ಬಯಲುಸೀಮೆಯಲ್ಲಿ ಇದು ಅಷ್ಟು ಸುಲಭವಾಗಿ ಹರಡಲಿಲ್ಲ.

ಗೆರೆಯೊಂದೇ ಸಾಲದು

ಹಿಂಜರಿಕೆಗೆ ಕಾರಣಗಳಿವೆ. ಒಮ್ಮೆ ಮೀಸಲೆಂದರೆ ನಾಳೆ ಮಗಳ ಮದುವೆಗೆ ಎರಡೆಕರೆ ಮಾರಲು ಆದೀತೇ ಎಂಬ ಭಯ ರೈತನಿಗೆ ಸಹಜ. ಸ್ಮಾರಕಗಳ ಸುತ್ತಲಿನ ಊರುಗಳಲ್ಲಿ ಮನೆಯ ದುರಸ್ತಿಗೂ ಅನುಮತಿ ಕೇಳಬೇಕಾದವರ ಅನುಭವ ಈ ಭಯವನ್ನು ಹೆಚ್ಚಿಸುತ್ತದೆ. ನಿರ್ಬಂಧದ ಭಾರವನ್ನು ಕೆಲವರು ಹೊತ್ತು, ಅದರ ಫಲವನ್ನು ಎಲ್ಲರೂ ಉಂಡರೆ ಅಂಥ ಗೆರೆ ಕಾಗದದ ಮೇಲೆ ಉಳಿಯಬಹುದು, ನೆಲದ ಮೇಲೆ ಉಳಿಯುವುದು ಕಷ್ಟ. ಕಡಿಯಲು ಅನುಮತಿ ಸಿಗದ ಮರ ಹೇಗೋ ಒಣಗುವುದೂ, ಬೆಂಕಿ ಬಿದ್ದು ಸುಡುವುದೂ ಹಳ್ಳಿಗಳಲ್ಲಿ ಹೊಸತಲ್ಲ.

ಎರಡನೆಯ ತೊಡಕು ಹಕ್ಕಿಯ ರೆಕ್ಕೆಯದು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಗೂಡು ಕಟ್ಟುವುದು ಊರಿನಲ್ಲಿ. ಮೀನು ಹಿಡಿಯುವುದು ಶಿಂಷೆಯಲ್ಲಿ, ತೈಲೂರು ಕೆರೆ, ಸೂಳೆಕೆರೆಗಳಂಥ ದೂರದ ನೀರಿನಲ್ಲಿ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ತಿನ್ನುವ ಮೀನಿನ ಮೂಲಕ, ಕೊಳೆತ ಕೆರೆ ನೀರಿನ ಮೂಲಕ ಬಂದಿರಬಹುದೆಂಬ ಶಂಕೆ ಮೂಡಿತು. ಊರು ತನ್ನ ಮರಗಳನ್ನು ಕಾಯಬಹುದು. ಹತ್ತು ಮೈಲಿ ಆಚೆಯ ಕೆರೆಗೆ ಸೇರುವ ಚರಂಡಿಯನ್ನು ಅದೊಂದೇ ತಡೆಯಲಾರದು. ಒಂದು ಊರಿನ ಯೋಜನೆ ತಾಲ್ಲೂಕಿನ ಯೋಜನೆಯೊಂದಿಗೆ ಹೆಣೆದುಕೊಳ್ಳಬೇಕಾದ ಅಗತ್ಯವನ್ನು ಆ ಸಾವುಗಳು ತೋರಿಸಿದವು.

ಹಣವಿದ್ದವರಿಗೆ ಇನ್ನೊಂದು ದಾರಿಯಿದೆ: ಕೊಂಡುಬಿಡುವುದು. ದಕ್ಷಿಣ ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಿಂದ ಪಾಳುಬಿದ್ದ ತೋಟಗಳನ್ನು ಕೊಳ್ಳುತ್ತ ಬಂದು ಸುಮಾರು 300 ಎಕರೆಯನ್ನು ಕಾಡಾಗಲು ಬಿಟ್ಟರು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆ, ಎರಡು ಕಾಡುಗಳ ನಡುವೆ ಆನೆಗಳು ದಾಟುವ ದಾರಿಯಲ್ಲಿದ್ದ ಸುಮಾರು 25 ಎಕರೆ ಖಾಸಗಿ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆನೆಯ ಕಿರಿದಾದ ದಾರಿಗೆ ಇದು ಸರಿ. ಹೆಬ್ಬಾತು ಮೇಯುವ ಸಾವಿರಾರು ಎಕರೆಯನ್ನು ಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಕೊಂಡರೂ ಉಳುವವರಿಲ್ಲದ ಆ ಹೊಲದಲ್ಲಿ ಹೆಬ್ಬಾತಿಗೆ ಬೇಕಾದ ಬೆಳೆ ಇರುವುದಿಲ್ಲ.

ಬೇರೆ ದೇಶಗಳೂ ಈ ಗಂಟನ್ನು ಬಿಡಿಸಲು ಯತ್ನಿಸಿವೆ. ಇಂಗ್ಲೆಂಡಿನಲ್ಲಿ 1947ರ ಯೋಜನಾ ಕಾಯಿದೆ ಜಮೀನಿನ ಒಡೆತನವನ್ನೂ ಅದರ ಮೇಲೆ ಕಟ್ಟುವ ಹಕ್ಕನ್ನೂ ಬೇರ್ಪಡಿಸಿತು. ಕಟ್ಟಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕಾಯಿತು. ಅಮೆರಿಕದಲ್ಲಿ ಜಮೀನುದಾರನು ಕಟ್ಟುವ ಹಕ್ಕನ್ನು ಮಾತ್ರ ಬಿಟ್ಟುಕೊಡುವ ಕರಾರಿಗೆ ಸಹಿ ಹಾಕಿ, ಪ್ರತಿಯಾಗಿ ಹಣವನ್ನೋ ತೆರಿಗೆಯ ರಿಯಾಯಿತಿಯನ್ನೋ ಪಡೆಯುವ ಪದ್ಧತಿಯಿದೆ. ಉಳುಮೆ, ದನ ಸಾಕಣೆ ಮುಂದುವರಿಯುತ್ತವೆ. ಜಮೀನು ಮಾರಾಟವಾದರೂ ಮಕ್ಕಳ ಪಾಲಿಗೆ ಬಂದರೂ ಕರಾರು ನೆಲದ ಜೊತೆಯಲ್ಲಿಯೇ ಸಾಗುತ್ತದೆ. ಕೊಕ್ಕರೆ ಬೆಳ್ಳೂರಿನ ಮರದ ಪರಿಹಾರ ಇದರ ಚಿಕ್ಕ ತಂಗಿಯೆನ್ನಬಹುದು. ಕೊರತೆಯೆಂದರೆ ಅದು ವರ್ಷ ವರ್ಷ ಕಾದು ಕೂರಬೇಕಾದ ಅನುದಾನ, ಕೈಯಲ್ಲಿ ಹಿಡಿದ ಕರಾರಲ್ಲ.

ಶಾಸನ ಕಲಿಸುವ ಪಾಠ

ಮಲಪ್ರಭೆಯ ಕಣಿವೆಗೆ ಈ ವಿಚಾರ ಅಪರಿಚಿತವಾಗಬೇಕಿಲ್ಲ. ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಗೊತ್ತು. ಮೊದಲು ಭೂಮಿಯ ಎಲ್ಲೆಯನ್ನು ಮರ, ಬಂಡೆ, ಹಳ್ಳ, ಹುತ್ತಗಳ ಗುರುತಿನಿಂದ ಹೇಳುತ್ತಾರೆ. ಆ ಭೂಮಿಗೆ ಯಾವ ತೆರಿಗೆಗಳ ವಿನಾಯಿತಿ ಎಂಬುದನ್ನು ಹಲವೆಡೆ ವಿವರಿಸುತ್ತಾರೆ. ಸಾಕ್ಷಿಗಳಾಗಿ ಊರಿನ ಪ್ರಮುಖರ ಹೆಸರು ಬರುವುದೂ ಉಂಟು. ಕೊನೆಗೆ ಅದನ್ನು ಅಳಿಪಿದವನಿಗೆ ಶಾಪ, ಕಾಯ್ದವನಿಗೆ ಪುಣ್ಯ. ಎಲ್ಲೆ, ಪ್ರತಿಫಲ, ಊರಿನ ಸಾಕ್ಷಿ, ಮುಂದಿನವರ ಹೊಣೆ ಎಂಬ ಈ ನಾಲ್ಕು ಅಂಗಗಳಲ್ಲಿ ಯಾವುದನ್ನು ಬಿಟ್ಟರೂ ದಾನ ಬಹುಕಾಲ ಬಾಳದೆಂಬುದು ಅವರಿಗೆ ತಿಳಿದಿತ್ತು. ಇಂದಿನ ಕಾಯಿದೆಗಳು ಎಲ್ಲೆಯನ್ನೂ ಶಾಪವನ್ನೂ ಚೆನ್ನಾಗಿ ಬರೆಯುತ್ತವೆ. ನಡುವಿನ ಎರಡನ್ನು ಮರೆಯುವುದೇ ಹೆಚ್ಚು.

ಅವನ್ನು ತುಂಬಲು ಸಲಕರಣೆಗಳು ಕೈಯಲ್ಲಿವೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಪಕ್ಷಿಗಳ ದಾಖಲೆಯನ್ನು ಅದು ಜನರಿಂದ ಕೇಳಿ ಬರೆಯಬೇಕು. ಆ ದಾಖಲೆ ಕಪಾಟಿನಲ್ಲಿ ಮಲಗದೆ, ಭೂಪರಿವರ್ತನೆಯ ಅರ್ಜಿ ಬಂದಾಗ ಮೇಜಿನ ಮೇಲೆ ಬರುವಂತಾದರೆ ಪಹಣಿಯಲ್ಲಿ ಇಲ್ಲದ ಅಂಕಣ ತುಂಬಿದಂತೆ. ಯಾವ ಸರ್ವೆ ನಂಬರಿನ ಮರದಲ್ಲಿ ಗೂಡಿದೆ, ಯಾವ ಖರಾಬಿನಲ್ಲಿ ತೋಳ ಮರಿ ಹಾಕುತ್ತದೆ, ಹೆಬ್ಬಾತು ಯಾವ ಹೊಲಗಳಲ್ಲಿ ಇಳಿಯುತ್ತದೆ ಎಂಬುದು ಊರಿನ ಕುರುಬನಿಗೂ ದನಗಾಹಿ ಹುಡುಗನಿಗೂ ತಿಳಿದಿರುತ್ತದೆ. ನಕ್ಷೆ ಮಾಡುವವರು ಅವರನ್ನು ಕೇಳಬೇಕಷ್ಟೆ.

ನದಿಯೇ ಇದನ್ನು ಒತ್ತಿ ಹೇಳಿದಂತಿದೆ. 2009ರಲ್ಲಿ ಮಲಪ್ರಭೆ ಉಕ್ಕಿ ಕಣಿವೆಯ ಊರುಗಳನ್ನು ಮುಳುಗಿಸಿತು. 2019ರ ಆಗಸ್ಟಿನಲ್ಲಿ ಮತ್ತೆ ಉಕ್ಕಿದಾಗ ಪಟ್ಟದಕಲ್ಲಿನ ಗುಡಿಗಳ ಆವರಣದೊಳಗೆ ನೀರು ಬಂದಿತು. ನೂರು ಮೀಟರಿನ ಗೆರೆ ಕಟ್ಟಡವನ್ನು ತಡೆಯಬಲ್ಲದು, ಪ್ರವಾಹವನ್ನು ತಡೆಯಲಾರದು. ನದಿಗೆ ಹರಡಿಕೊಳ್ಳಲು ಬಿಟ್ಟ ದಂಡೆ, ಮಣ್ಣು ಹಿಡಿಯುವ ಹುಲ್ಲು, ನೀರು ಇಂಗಿಸುವ ಬೀಳು ಇವೆಲ್ಲ ಗೂಡನ್ನು ಉಳಿಸುವ ನೆಲಗಳೇ. ಗುಡಿಯ ಮೇಲಿನ ಭಾರವನ್ನೂ ಅವು ಅಷ್ಟಿಷ್ಟು ಇಳಿಸುತ್ತವೆ. ಅವುಗಳಲ್ಲಿ ಬಹುಪಾಲು ಯಾರದೋ ಪಹಣಿಯಲ್ಲಿರುವ ಜಮೀನು.

ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಮೇಲು ಎಂಬ ಆಶಯ ಆ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ತಲೆಮಾರುಗಳಿಂದ ಕಾಯ್ದವರು ಹುಣಸೆ ಹಣ್ಣನ್ನು ಮರದಲ್ಲಿಯೇ ಬಿಟ್ಟ ಮನೆಯವರು. ಗೂಡಿಗೆ ಎಷ್ಟು ಮೀಟರು ಬೇಕೆಂಬುದನ್ನು ಕಾಯಿದೆ ಬರೆಯುವುದಕ್ಕೆ ಮೊದಲು ಅಂಥ ಮನೆಗಳ ಅಂಗಳಕ್ಕೆ ಹೋಗಿ ಕೇಳುವುದು ಒಳ್ಳೆಯದು; ಹಾಗೆಯೇ, ಬಿಟ್ಟ ಹಣ್ಣಿನ ಬೆಲೆಯನ್ನು ಸಕಾಲಕ್ಕೆ ಕೈಗಿಡುವುದೂ.